ಪೂರ್ವಕ್ಕೆ ಯಾರ ಜಾಗ

ಹೆಬ್ಬಾಳದಲ್ಲಿ ನಾವು ಸೈಟು ಕೊಳ್ಳಲು ಹೊರಟಾಗ ನನಗೆ ಮೂವತ್ತು ತುಂಬಿತ್ತು. ಯಲಹಂಕದ ಶಾಲೆಯಲ್ಲಿ ಟೀಚರಾಗಿದ್ದೆ. ಅದಕ್ಕೂ ಮೊದಲು, ತವರಿನ ಮನೆ ಅಣ್ಣಂದಿರ ಪಾಲಾಗುವಾಗ, ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಓದದೆಯೇ ಸಹಿ ಹಾಕಿದ್ದೆ. ಓದಿ ನೋಡಿ ಬರೆಯಿರಿ ಎಂದು ಮಕ್ಕಳನ್ನು ದಿನವೂ ಗದರುವವಳು ನಾನು. ಆ ನಾಚಿಕೆ ಇನ್ನೂ ಆರಿರಲಿಲ್ಲ. ಹಾಗಾಗಿ ಈ ಸಲ ಪ್ರತಿ ಕಾಗದವನ್ನೂ ಎರಡೆರಡು ಸಲ ಓದುತ್ತಿದ್ದೆ. ನಮ್ಮ ಮನೆಯವರು ನನ್ನನ್ನು ವಕೀಲರಮ್ಮ ಎಂದು ಕಿಚಾಯಿಸುತ್ತಿದ್ದರು.

ಜಾಗ ಅರವತ್ತಕ್ಕೆ ನಲವತ್ತು ಅಡಿ. ಮಾರುತ್ತಿದ್ದವರು ಆ ಊರಿನ ಇಬ್ಬರು ಅಣ್ಣತಮ್ಮಂದಿರು. ಅವರಪ್ಪ ಸ್ವಂತ ದುಡಿಮೆಯಿಂದ ಕೊಂಡ ನೆಲ. ಆತ ತೀರಿಕೊಂಡು ಎರಡು ವರ್ಷವಾಗಿತ್ತು, ತಾಯಿ ಮೊದಲೇ ಇರಲಿಲ್ಲ. ಕರಾರಾಗಿ ಮುಂಗಡ ಕೊಟ್ಟ ಮೇಲೆ, ಅವರಿಗೊಬ್ಬ ಅಕ್ಕ ಚಿಕ್ಕಜಾಲದಲ್ಲಿ ಇದ್ದಾಳೆಂದು ಮಾತಿನ ನಡುವೆ ಗೊತ್ತಾಯಿತು. ಅವಳ ಒಪ್ಪಿಗೆ ಎಲ್ಲಿ ಎಂದೆ.

"ಮದ್ವೆಯಾಗಿ ಗಂಡನ್ ಮನೆಗೋದೋಳ್ದು ಇಲ್ಲೇನೈತೆ?" ಎಂದ ದೊಡ್ಡವನು. ಕ್ರಯಪತ್ರ ಬರೆಯುವವರೂ ಅವನ ಕಡೆಗೇ ತಲೆಯಾಡಿಸಿದರು.

ಐವತ್ತಾರರ ಹೊಸ ಕಾನೂನು ಬಂದು ಕೆಲವೇ ವರ್ಷವಾಗಿತ್ತು. ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಪೇಪರಿನಲ್ಲಿ ಓದಿದ್ದೆ. ಅವಳನ್ನು ಬಿಟ್ಟು ಕೊಂಡರೆ, ಮನೆ ಕಟ್ಟಿದ ಮೇಲೆ ಕೋರ್ಟು ಅಲೆಯಬೇಕಾದವರು ನಾವೇ. ಒಂದು ಭಾನುವಾರ ಚಿಕ್ಕಜಾಲದ ಬಸ್ಸು ಹತ್ತಿದೆ. ಸಂಜೆಯೊಳಗೆ ಒಪ್ಪಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಜಂಬ ಕೊಚ್ಚಿದ್ದೆ.

ಅಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ತಮ್ಮಂದಿರು ಜಾಗ ಮಾರುತ್ತಿರುವುದೇ ಅವಳಿಗೆ ಗೊತ್ತಿರಲಿಲ್ಲ. ನಿಮ್ಮ ಪಾಲಿನ ಹಣ ನಿಮ್ಮ ಕೈಗೇ ಕೊಡುತ್ತೇನೆ ಎಂದೆ.

"ದುಡ್ಡು ಬ್ಯಾಡ ಕಣಮ್ಮ. ಆ ನೆಲ್ದಾಗಿನ ಕಲ್ಲೆಲ್ಲ ಆಯ್ದು ಬದೀಗ್ ಆಕಿದ್ದು ನಾನೂ ನಮ್ಮಪ್ಪ. ನನ್ ಪಾಲು ನೆಲವಾಗೇ ಕೊಡ್ಲಿ."

ವಾಪಸ್ಸು ಬರುವಾಗ ಅವಳ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನ್ಯಾಯ ಮಾಡಲು ಹೋದವಳಿಗೇ ಅರವತ್ತಡಿಯಲ್ಲಿ ಮೂರನೇ ಒಂದು ಪಾಲು, ಇಪ್ಪತ್ತಡಿ, ಕೈತಪ್ಪಿತ್ತು. ಬೇಕಿತ್ತಾ ಇದು ನಿನಗೆ ಎಂದು ಮನೆಯವರು ಎರಡು ದಿನ ಆಡಿಕೊಂಡರು. ಮೂರನೆಯ ದಿನ ಉಳಿದ ನಲವತ್ತಡಿಗೆ ಮನೆಯ ನಕ್ಷೆ ಬರೆದು ಮುಂದಿಟ್ಟವರೂ ಅವರೇ. ಹೂಗಿಡಕ್ಕೆಂದು ಬಿಟ್ಟಿದ್ದ ಜಾಗ ಹೋಗಿತ್ತು, ಕೋಣೆಗಳು ಹಾಗೇ ಇದ್ದವು.

ತಮ್ಮಂದಿರು ಕೂಗಾಡಿದರು. ಹಾಗಾದರೆ ಮುಂಗಡ ವಾಪಸ್ಸು ಕೊಡಿ ಎಂದೆ. ಅದು ಆಗಲೇ ಖರ್ಚಾಗಿತ್ತು, ತಣ್ಣಗಾದರು. ಊರ ಹಿರಿಯರ ಮುಂದೆ ಮೂವರೂ ಪಾಲು ಮಾಡಿಕೊಂಡು, ಪೂರ್ವದ ಇಪ್ಪತ್ತಡಿ ಅಕ್ಕನದೆಂದು ಕಲ್ಲು ನೆಟ್ಟರು. ಉಳಿದದ್ದಕ್ಕೆ ಬೆಲೆಯೂ ಇಳಿಯಿತು.

ನೋಂದಣಿಯ ದಿನ ಕಚೇರಿಯ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಒಪ್ಪಿಗೆಯ ಹೆಬ್ಬೆಟ್ಟು ಒತ್ತಲು ಅಕ್ಕನೂ ಬಂದಿದ್ದಳು. ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಇರುತ್ತದೆ, ಅಂದರೆ ಜಾಗದ ನಾಲ್ಕು ದಿಕ್ಕಿಗೂ ಯಾರ ಸ್ವತ್ತಿದೆ ಎಂಬ ವಿವರ. ಓದುತ್ತಾ ಬಂದೆ. ಪೂರ್ವಕ್ಕೆ ಅಕ್ಕನ ಗಂಡನ ಹೆಸರಿತ್ತು.

ಇದು ಯಾರ ಜಾಗ ಎಂದು ಪತ್ರ ಬರೆದವರನ್ನು ಕೇಳಿದೆ. ವಾಡಿಕೆಯಂತೆ ಬರೆದೆ, ಎರಡೂ ಒಂದೇ ಅಲ್ಲವೇ ಎಂದರು. ಒಂದೇ ಅಲ್ಲ ಎಂದೆ. ನನ್ನ ದನಿ ತರಗತಿಯ ದನಿಯಾಗಿತ್ತು. ಇದು ಛಾಪಾ ಕಾಗದ, ಹೊಡೆದು ಬರೆದರೆ ಮಾರುವವರೆಲ್ಲ ತಿದ್ದುಪಡಿಯ ಪಕ್ಕದಲ್ಲಿ ಮತ್ತೆ ಹೆಬ್ಬೆಟ್ಟು ಹಾಕಬೇಕು ಎಂದು ಅವರು ಗೊಣಗಿದರು. ಹಾಕಲಿ ಎಂದೆ. ಗಂಡನ ಹೆಸರಿನ ಮೇಲೆ ಗೆರೆ ಎಳೆದು ಅವಳ ಹೆಸರು ಬರೆದರು.

"ನನ್ನೆಸ್ರು ಎಲ್ಲೈತೆ, ತೋರ್ಸಮ್ಮ" ಎಂದಳು ಅಕ್ಕ.

ಅವಳ ಬೆರಳು ಹಿಡಿದು ಆ ಅಕ್ಷರಗಳ ಕೆಳಗಿಟ್ಟೆ. ನನ್ನ ಕಣ್ಣು ತುಂಬಿ ಬಂತು. ಕಳೆದುಕೊಂಡ ಇಪ್ಪತ್ತಡಿಯ ಬಗ್ಗೆ ಆಮೇಲೆ ಎಂದೂ ಬೇಸರಪಡಲಿಲ್ಲ. ಅವಳು ಬೆರಳು ತೆಗೆಯಲೇ ಇಲ್ಲ.

"ಅಕ್ಕ, ಒಸಿ ಕೈ ತೆಗಿ," ಎಂದ ದೊಡ್ಡ ತಮ್ಮ. "ನಾವು ಒತ್ಬೇಕು."

ಅವಳು ಕೈ ಸರಿಸಿದಳು. ಇಬ್ಬರೂ ಒಬ್ಬರಾದ ಮೇಲೊಬ್ಬರು ಮಸಿ ಹಚ್ಚಿಕೊಂಡು, ಬಗ್ಗಿ, ಅಕ್ಕನ ಹೆಸರಿನ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದರು.