ನಂಬರಮ್ಮ ಬಿಟ್ಟ ಬೆಂಚು

ಒದ್ದೆ ಸ್ಲೇಟಿನ ವಾಸನೆ ನಂಬರಮ್ಮನ ಮೂಗಿಗೆ ಅಂಟಿಕೊಂಡದ್ದು ಐದನೇ ವಯಸ್ಸಿನಲ್ಲಿ. ಅಕ್ಕ ಹಳೆಯ ಲಂಗದ ಚೂರನ್ನು ನೀರಿಗದ್ದಿ ಸ್ಲೇಟು ಒರೆಸಿ ಬಿಸಿಲಿಗೆ ಹಿಡಿಯುತ್ತಿದ್ದಳು. ಹಸಿ ಕಲ್ಲಿನದೂ ಬಳಪದ್ದೂ ಬೆರೆತ ತಣ್ಣನೆಯ ವಾಸನೆ ಏಳುತ್ತಿತ್ತು. ಈಗ ಬೆಳಗಿನ ಐದೂವರೆಗೆ ವಿಶ್ವವಿದ್ಯಾಲಯದ ಹಳೆಯ ಪರೀಕ್ಷಾ ಹಾಲಿನ ಬೀಗ ತೆಗೆದರೆ ಅದೇ ವಾಸನೆ ಎದುರಾಗುತ್ತದೆ, ಒಳಗೆ ಯಾರೋ ಈಗಷ್ಟೇ ಒರೆಸಿ ಹೋದಂತೆ.

ಮೂವತ್ತೊಂದು ವರ್ಷಗಳಿಂದ ಪರೀಕ್ಷೆಯ ಬೆಂಚುಗಳ ಮೇಲೆ ನಂಬರು ಬರೆಯುವ ಇವರಿಗೆ ವಿದ್ಯಾರ್ಥಿಗಳಿಟ್ಟ ಹೆಸರು ನಂಬರಮ್ಮ. ಇವತ್ತು ಕೈಯಲ್ಲಿರುವುದು ಒಂದೇ ತುಂಡು ಚಾಕ್‌ಪೀಸು. ಇಷ್ಟು ದೊಡ್ಡ ಹಾಲಿನಲ್ಲಿ ಬರೆಯಬೇಕಾದ್ದು ಒಂದೇ ನಂಬರು. ಸಾಲುಗಳ ನಡುವೆ ನಡೆದು ಅವರು ನಿಂತ ಮೇಲೂ ಚಪ್ಪಲಿಯ ಸದ್ದು ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ.

“ಹಳೇ ಕಟ್ಟಡ ಅಲ್ವಾ, ಸದ್ದು ತಡವಾಗಿ ನಿಲ್ಲುತ್ತೆ,” ಎನ್ನುತ್ತಾರೆ. ಹಿಂತಿರುಗಿ ನೋಡುವುದಿಲ್ಲ.

ಹಾಲಿನಲ್ಲಿ ಇನ್ನೂರ ನಲವತ್ತು ಬೆಂಚುಗಳಿವೆ. ಪರೀಕ್ಷೆಯ ದಿನ ಎಂಟು ಗಂಟೆಯೊಳಗೆ ಇನ್ನೂರ ಮೂವತ್ತೊಂಬತ್ತಕ್ಕೆ ನಂಬರು ಬೀಳಬೇಕು, ಸಂಜೆ ಎಲ್ಲವನ್ನೂ ಒರೆಸಬೇಕು. ಒಂಬತ್ತನೇ ಸಾಲಿನ ಗೋಡೆಬದಿಯ ಬೆಂಚನ್ನು ಮಾತ್ರ ಖಾಲಿ ಬಿಡುವುದು ಇಲ್ಲಿನ ಹಳೆಯ ಪದ್ಧತಿ. ಪರೀಕ್ಷೆಯ ಮೊದಲ ದಿನ ಯಾರಾದರೊಬ್ಬರು ಅದರ ಮೇಲೊಂದು ಪೆನ್ನಿಡುತ್ತಾರೆ. ಯಾಕೆಂದು ಯಾರಿಗೂ ಗೊತ್ತಿಲ್ಲ.

“ಒಬ್ರು ಅಲ್ಲಿ ಕೂತೋನು ಸತ್ತ ಅಂತಾರೆ, ಇನ್ನೊಬ್ರು ಮೊದಲ ರ‍್ಯಾಂಕ್ ಬಂದ ಅಂತಾರೆ. ಎರಡೂ ಒಬ್ಬನೇ ಇರಬೌದು, ಪಾಪ, ಓದಿ ಓದಿ,” ಎಂದು ನಂಬರಮ್ಮ ನಗುತ್ತಾರೆ. ಪೆನ್ನನ್ನು ಎತ್ತಿಡುವವರು ಅವರೇ. “ಪರೀಕ್ಷೆ ಮುಗಿಯೋ ಹೊತ್ತಿಗೆ ಇಂಕು ಅರ್ಧ ಆಗಿರುತ್ತೆ. ಸೋರುತ್ತೇನೋ.”

ಮನೆಯಲ್ಲಿ ಅವರೂ ಹಾಸಿಗೆ ಹಿಡಿದ ಅಕ್ಕನೂ ಇಬ್ಬರೇ. ನಿವೃತ್ತಿಗೆ ನಾಲ್ಕು ತಿಂಗಳಿದೆ. ಅದಕ್ಕೇ ಹೋದ ತಿಂಗಳು ನಡೆದದ್ದು ಅವರ ನಿದ್ದೆ ಕೆಡಿಸಿತು.

ಪರೀಕ್ಷೆಯ ಎರಡನೇ ಬೆಳಗ್ಗೆ ಬೀಗ ತೆಗೆದು ನೋಡಿದರೆ, ಖಾಲಿ ಬೆಂಚಿನ ಮೇಲೆ ನಂಬರಿತ್ತು. ಏಳರ ಅಂಕಿಯ ನಡುವೆ ಅವರೇ ಎಳೆಯುವ ಚಿಕ್ಕ ಗೀಟು ಕೂಡ ಇತ್ತು. ಅಕ್ಷರ ಮಾತ್ರ ಎಡಕ್ಕೆ ವಾಲಿತ್ತು, ಎಡಗೈಯಲ್ಲಿ ಬರೆದಂತೆ. ಬೀಗದ ಕೈ ಇರುವುದೊಂದೇ. ರಾತ್ರಿಯೆಲ್ಲ ಅದು ಅವರ ಸೊಂಟದಲ್ಲಿತ್ತು.

ಪಟ್ಟಿ ತೆಗೆದು ನೋಡಿದಾಗ ತಪ್ಪು ಗೊತ್ತಾಯಿತು. ಖಾಲಿ ಬೆಂಚು ಬಂದಾಗ ಅದರ ಪಾಲಿಗೆ ಬರುವ ನಂಬರನ್ನು ಮುಂದಿನ ಬೆಂಚಿಗೆ ಬರೆಯಬೇಕು. ಹಿಂದಿನ ದಿನ ಅಕ್ಕನಿಗೆ ಜ್ವರ, ಇವರಿಗೆ ಅವಸರ. ಬೆಂಚಿನ ಜೊತೆ ನಂಬರನ್ನೂ ಬಿಟ್ಟು ಮುಂದೆ ಹೋಗಿದ್ದರು. ಹಿಂದಿನ ದಿನದ ಹಾಜರಿ ಪುಟದಲ್ಲಿ ಆ ನಂಬರಿನ ವಿದ್ಯಾರ್ಥಿನಿ ಗೈರುಹಾಜರು.

“ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಒಂದು ಸಲ ಒರೆಸಿದ್ರೆ ಮುಗೀತು, ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ,” ಎನ್ನುತ್ತಾರೆ ನಂಬರಮ್ಮ. ಒರೆಸಲಿಲ್ಲ. ಹಾಸ್ಟೆಲಿಗೆ ಹೋಗಿ ಆ ಹುಡುಗಿಯ ಬಾಗಿಲು ತಟ್ಟಿ, ತಪ್ಪು ತಮ್ಮದೆಂದೂ ಅವಳ ನಂಬರು ಖಾಲಿ ಬೆಂಚಿನ ಮೇಲೆ ತಾನಾಗಿ ಕಂಡಿತೆಂದೂ ಹೇಳಿದರು.

“ಮೂರು ಸುತ್ತು ಹುಡುಕಿದೆ ನಾನು!” ಎಂದಳು ಹುಡುಗಿ. “ಹಾಜರಿ ಕಮ್ಮಿ ಅಂತ ತೆಗೆದುಹಾಕಿದಾರೆ ಅಂದ್ಕೊಂಡು, ಕೇಳೋಕೆ ನಾಚಿಕೆಯಾಗಿ ವಾಪಸ್ ಬಂದೆ. ಇದು ನನ್ನ ಕೊನೇ ಅವಕಾಶ. ನಿಮಗೇನು, ಹೇಳಿ ಹಗುರಾಗಿಬಿಟ್ರಿ.” ಬಾಗಿಲು ಮುಚ್ಚಿಕೊಂಡಿತು.

ಅಲ್ಲಿಂದ ಪರೀಕ್ಷಾ ಮೇಲ್ವಿಚಾರಕರ ಕೋಣೆಗೆ ಹೋಗಿ ಬೆಂಚಿನ ಮೇಲಿನ ನಂಬರಿನ ವಿಷಯ ಹೇಳಿದರು. “ನೀವೇ ಬೆಳಗ್ಗೆ ಬರೆದು ಮರೆತಿರಬೇಕು,” ಎಂದರು ಮೇಲ್ವಿಚಾರಕರು. “ಬರೆದಿದ್ರೆ ಬಲಗೈಲಿ ಬರೀತಿದ್ದೆ ಸಾರ್.” ಮೇಲ್ವಿಚಾರಕರು ಬಿಳಿ ಹಾಳೆ ಮುಂದಿಟ್ಟರು. ನಂಬರಮ್ಮ ತಪ್ಪೊಪ್ಪಿಕೊಂಡು ಸಹಿ ಹಾಕಿದರು. ಆ ಹಾಳೆಯ ಬಲದ ಮೇಲೆಯೇ ಹುಡುಗಿಗೆ ಮರುಪರೀಕ್ಷೆ ಸಿಕ್ಕಿತು. ನಂಬರಮ್ಮನ ಕೆಲಸ ಉಳಿಯುತ್ತದೋ ಇಲ್ಲವೋ, ಆ ಉತ್ತರ ಇನ್ನೂ ಬಂದಿಲ್ಲ.

ಮರುಪರೀಕ್ಷೆ ಇವತ್ತೇ, ಹತ್ತು ಗಂಟೆಗೆ. ಹುಡುಗಿ ಅಂದಿನಿಂದ ಇವರೊಡನೆ ಮಾತಾಡಿಲ್ಲ. ಈಗ ಬಾಗಿಲಲ್ಲಿ ನಿಂತು, ಮುಖ ನೋಡದೆ ಹೇಳುತ್ತಾಳೆ: “ಆ ಗೋಡೆ ಪಕ್ಕದ್ದರಲ್ಲೇ ಕೂರ್ತೀನಿ.”

“ಬೇಡ ಪುಟ್ಟಿ, ಇಷ್ಟೊಂದು ಬೆಂಚಿದೆ...”

“ನನ್ನ ನಂಬರ್ ನೆನಪಿಟ್ಕೊಂಡಿದ್ದು ಅದೊಂದೇ.”

ನಂಬರಮ್ಮ ಒಂಬತ್ತನೇ ಸಾಲಿಗೆ ಹೋಗಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಬೆಂಚಿನ ಮೇಲೆ ಬರೆಯುತ್ತಾರೆ. ಮರ ಬೆಚ್ಚಗಿದೆ.

ಪರೀಕ್ಷೆಯ ಮೂರು ತಾಸೂ ಅವರು ಹೊರಗಿನ ಜಗಲಿಯಲ್ಲಿ ಕೂರುತ್ತಾರೆ. ಒಳಗೆ ಹುಡುಗಿಯೊಬ್ಬಳೇ, ಕಾವಲಿನ ಮೇಷ್ಟ್ರು ಬಾಗಿಲ ಬಳಿ ಪೇಪರು ಓದುತ್ತಿದ್ದಾರೆ. ಪೆನ್ನಿನ ಸರಸರ ಕೇಳುತ್ತದೆ. ಅದು ನಿಂತಾಗ, ಸ್ವಲ್ಪ ಹೊತ್ತು, ಇನ್ನೊಂದು ಪೆನ್ನಿನ ಸರಸರ. ಮೇಷ್ಟ್ರು ಒಮ್ಮೆ ತಲೆಯೆತ್ತಿ ನಂಬರಮ್ಮನ ಕಡೆ ನೋಡುತ್ತಾರೆ. ಮತ್ತೆ ಪೇಪರಿಗೆ ತಲೆ ಬಗ್ಗಿಸುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ಹುಡುಗಿ ಹೊರಬರುತ್ತಾಳೆ. ನಂಬರಮ್ಮ ಜಗಲಿಯಿಂದ ಎದ್ದಿಲ್ಲ. ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿಲ್ಲ. ಹುಡುಗಿ ಒಂದು ಗಳಿಗೆ ನಿಂತು ಪಕ್ಕದಲ್ಲೇ ಕೂರುತ್ತಾಳೆ. ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವರ ಮಡಿಲಲ್ಲಿಡುತ್ತಾಳೆ. ಅವರ ಬೆರಳುಗಳಿಗೆ ಮೆತ್ತಿದ ಚಾಕ್‌ಪೀಸಿನ ಪುಡಿ ಕಂಡು, ಚೀಲದಲ್ಲಿ ಮತ್ತೆ ತಡಕಾಡಿ ಒಂದು ಚಮಚವನ್ನೂ ಕೊಡುತ್ತಾಳೆ.