ಬ್ಯಾರೆ ಬಾವಿಯ ಬಾಟ್ಲಿ

ಮೊನ್ನೆ ಟ್ರಂಕಿನ ತಳದಾಗ ಒಂದು ರಬ್ಬರ್ ಬೂಚ ಸಿಕ್ತು. ಮೂಗಿಗೆ ಹಿಡದೆ. ಅದ ವಾಸನಿ... ಸ್ಪಿರಿಟ್ಟು, ಸಾಬೂನು, ಪಣಜಿ ಕಡೀ ಮಡ್ಕಯಿಯ ಆ ಸಣ್ಣ ನೀರು ಪರೀಕ್ಷೆ ಲ್ಯಾಬು. ಫೋನಿನಾಗ ಟೈಪ್ ಮಾಡೂದು ಮೊಮ್ಮಗಳು ಈಗಷ್ಟ ಕಲಿಸ್ಯಾಳ. ತಪ್ಪಾದ್ರ ಆಕಿನ್ನ ಬೈರಿ, ನನ್ನ ಬ್ಯಾಡ.

ನಾ ಅಲ್ಲಿ ಬಾಟ್ಲಿ ತೊಳೀತಿದ್ದೆ. ವಾರಕ್ಕೊಮ್ಮೆ ನಮ್ಮ ಚಾಳಿನ ಬಾವಿ ನೀರು ತುಂಬಿ ತರೂದೂ ನನ್ನ ಕೆಲಸ. ಅದನ್ನ ಪರೀಕ್ಷೆ ಮಾಡತಿದ್ದವರು ಧಾರವಾಡ ಕಡೀ ಮೇಡಂ. ಬಾವ್ಯಾಗ ವಾರವಾರಕ್ಕ ಉಪ್ಪು ಏರಾಕತ್ತಿತ್ತು. ರಿಪೋರ್ಟಿನಾಗ ಅದು ಖಾತ್ರಿಯಾದ್ರ ಚಾಳಿಗೆ ನಳ ಬರತಿತ್ತು.

ಮೇಡಂ ಇಂಗ್ಲಿಷಿನಾಗ ಬರದು ನನಗ ಓದಿ ಹೇಳತಿದ್ರು. ಒಮ್ಮೆ "ಸ್ಲೈಟ್ಲಿ" ಅಂತ ಬರದು, ತಾವ ಹೊಡದು ಹಾಕಿದ್ರು.

"ಹಂಗಂದ್ರೇನ್ರಿ?" ಅಂದೆ.

"ಸ್ವಲ್ಪ ಅಂತ, ಅಕ್ಕಾ. ಸ್ವಲ್ಪ ಏರೇತಿ ಅಂತ ಬರದ್ರ ನಳ ಮಂಜೂರು ಮಾಡೂ ಸಾಹೇಬ್ರು ಫೈಲ್ ಮುಚ್ಚಿ ಚಾ ಕುಡೀತಾರ. ಎಷ್ಟಿತ್ತು, ಎಷ್ಟಾತು, ಎಷ್ಟು ವಾರದಾಗ... ಅಷ್ಟೂ ಬರೀಬೇಕು."

"ನನ್ನ ಸೊಂಟಾನೂ ಸ್ವಲ್ಪ ದಪ್ಪ ಆಗೇತ್ರಿ."

"ಮೊದಲ ಟೇಪ್ ತರ್ರಿ!" ಅಂದು ಬಿದ್ದು ಬಿದ್ದು ನಕ್ರು.

ರಿಪೋರ್ಟ್ ಕಳಿಸೂ ವಾರ ಬಿಸಲು ಭಾಳ ಇತ್ತು. ಚಾಳಿನ ದಿಬ್ಬ ಏರಾಕ ಬ್ಯಾಸರಾತು. ದಾರೀ ಬದಿಯ ಬ್ಯಾರೆ ಬಾವ್ಯಾಗ ಬಾಟ್ಲಿ ತುಂಬಿ, ಬೂಚ ಒತ್ತಿ ಕೊಟ್ಟೆ. ಒಂದ ವಾರ, ಏನಾಕ್ಕೈತಿ ಅಂತ...

ಉಪ್ಪಿನ ಅಂಕಿ ಒಂಚೂರು ಇಳೀತು. ಮೇಡಂ ಎರಡೆರಡು ಸಲ ನೋಡಿದ್ರು.

"ಅಕ್ಕಾ, ಇದು ಅದ ಬಾವೀದು ಹೌದಲ್ರಿ?"

"ಹೌದ್ರಿ" ಅಂದೆ.

ಅವರು ನಂಬಿದ್ರು. ಏರಿದ್ದು ಎಷ್ಟು ಖರೇ ಬರದಿದ್ರೋ, ಇಳದದ್ದನ್ನೂ ಅಷ್ಟ ಖರೇ ಬರದ್ರು, ಎಷ್ಟಿಂದ ಎಷ್ಟಕ್ಕ ಅಂತ. ಸಾಹೇಬ್ರು ಅದೊಂದ ಸಾಲು ಹಿಡಕೊಂಡ್ರು: "ಉಪ್ಪು ಇಳೀಲಿಕ್ಕತ್ತದಲ್ಲ, ನಳ ಯಾಕ?" ಅಂದು ಫೈಲ್ ಮುಚ್ಚಿದ್ರು.

ಆ ಬಾಟ್ಲಿ ತೊಳಿಯೂವಾಗ ಬೂಚ ಸೆರಗಿಗೆ ಕಟ್ಕೊಂಡೆ. ಯಾಕೋ... ನಾಳೆ ಹೇಳಿದ್ರಾತು, ನಾಡಿದ್ದು ಹೇಳಿದ್ರಾತು ಅನಕೋತ ಇದ್ದೆ. ಅಷ್ಟರಾಗ ಮೇಡಂ ಕೆಲಸ ಬಿಟ್ಟು ಹೋದ್ರು. ಆಮ್ಯಾಲೆ ಪಣಜಿಯಾಗ ತೀರಿಕೊಂಡ್ರಂತ ಕೇಳಿದೆ.

ಈಗ ಮನಿಯೊಳಗ ನಳ ಐತಿ. ಕೊಡ ತುಂಬೂವಾಗೆಲ್ಲ ಬೆನ್ನ ಹಿಂದ ಅದ ದನಿ: "ಅದ ಬಾವೀದು ಹೌದಲ್ರಿ?" ತಿರಗಿ ನೋಡಿದ್ರ ಯಾರೂ ಇರೂದಿಲ್ಲ.

ಸ್ವಲ್ಪ ಸುಳ್ಳು ಹೇಳಿದ್ದೆ, ಅಷ್ಟ, ಅಂತ ಇಷ್ಟು ವರ್ಷ ಮನಸಿಗೆ ಹೇಳ್ಕೋತ ಬಂದೆ. ತಿದ್ದಾಕ ಅವರಿಲ್ಲ. ಆದ್ರೂ ಇವತ್ತು ಬೂಚ ಮುಂದಿಟ್ಕೊಂಡು ಅವರು ಕಲಿಸಿದಂಗ ಬರಿಯಾಕತ್ತೇನಿ: ಒಂದು ಬಾಟ್ಲಿ. ಒಂದು "ಹೌದ್ರಿ". ನಳ ಬರೂತನ ಚಾಳಿನವರು ಉಪ್ಪುನೀರು ಕುಡದ ಎರಡು ಬ್ಯಾಸಗಿ.