ಮುಜಫ್ಫರ್ ಕತ್ತರಿಸಿದ ಕಮೀಜು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ನಿಶಾತಳ ಮೇಲೆ ಬಂದಷ್ಟು ಕೋಪ ಕಟ್ಟಿಕೊಂಡ ಗಂಡನ ಮೇಲೂ ಬಂದಿಲ್ಲ.

ಆರ್.ಟಿ. ನಗರದಲ್ಲಿ ಸೀರೆಗೆ ಫಾಲ್ಸ್ ಹಾಕುವ ಅಂಗಡಿ ನನ್ನದು. ಪಕ್ಕದಲ್ಲೇ ನಿಶಾತ್ ಮತ್ತು ಅವಳ ಗಂಡ ಮುಜಫ್ಫರ್ ಲೇಡೀಸ್ ಟೈಲರ್ ಅಂಗಡಿ ಇಟ್ಟಿದ್ದರು. ಅವನು ಕತ್ತರಿಸುವುದು, ಇವಳು ಹೊಲಿಯುವುದು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಬಟ್ಟೆಗೆ ಕತ್ತರಿ ಹಾಕುವುದು ಮಾಸ್ಟರ್ ಕೆಲಸವೆಂದು ಇವಳು ಗೆರೆ ಎಳೆಯುವ ಚಾಕ್‌ಪೀಸನ್ನೂ ಮುಟ್ಟಿದವಳಲ್ಲ. ಅವನು ಬೇಡ ಎಂದಿರಲಿಲ್ಲ. ಇವಳೂ ಕೇಳಿರಲಿಲ್ಲ.

ಹೋದ ವರ್ಷ ಎದೆನೋವೆಂದು ಮಧ್ಯಾಹ್ನ ಮನೆಗೆ ಹೋದ ಮುಜಫ್ಫರ್ ಸಂಜೆಗೆ ತೀರಿಕೊಂಡ. ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ, ಗಂಡ ತೀರಿದವರು ಪಾಲಿಸುವ ಇದ್ದತ್ ಕೂತು, ನಿಶಾತ್ ಅಂಗಡಿ ತೆರೆದಳು. ಬಂದ ಗಿರಾಕಿಗೆಲ್ಲ ಒಂದೇ ಮಾತು, "ಕಟ್ಟಿಂಗ್ ಮಾಡೋರಿಲ್ಲ."

"ನೀನೇ ಕತ್ತರಿಸೇ. ನೀರಿಗಿಳೀದೆ ಈಜು ಬರುತ್ತಾ?" ಎಂದು ದಿನಾ ರೇಗುತ್ತಿದ್ದೆ.

"ಜನರ ಬಟ್ಟೆ ಅಕ್ಕಾ. ಹಾಳಾದ್ರೆ?"

ಕೊನೆಗೆ ಅಂಗಡಿ ಮುಚ್ಚಿ ತವರು ಸೇರಿದಳು. ಮಕ್ಕಳಿಲ್ಲ. ತವರಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಎಷ್ಟು ದಿನ ಇರುವುದು? ಮಸ್ಕತ್‌ನ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಬರೀ ಹೊಲಿಯುವ ಕೆಲಸ. ಹೆಬ್ಬಾಳ ಫ್ಲೈಓವರ್ ದಾಟಿ ಒಬ್ಬಳೇ ಹೋಗದ ನಲವತ್ತೈದರ ಹೆಂಗಸು ವಿಮಾನ ಹತ್ತಿದಳು.

ಮೂರು ತಿಂಗಳಾದ ಮೇಲೆ, ಅಲ್ಲಿ ರಜೆಯಿರುವ ಒಂದು ಶುಕ್ರವಾರ ಬೆಳಗ್ಗೆ ಅವಳ ವಿಡಿಯೋ ಕಾಲ್ ಬಂತು. ಅಲ್ಲಿನ ಮಾಸ್ಟರ್ ಕೆಲಸ ಬಿಟ್ಟಿದ್ದನಂತೆ. ನಾಳೆಯಿಂದ ನೀನೇ ಕತ್ತರಿಸು, ಆಗದಿದ್ದರೆ ನಿನ್ನನ್ನು ಊರಿಗೆ ಕಳಿಸಿ ಕತ್ತರಿಸಲೂ ಹೊಲಿಯಲೂ ಬರುವವರನ್ನು ಕರೆಸುತ್ತೇನೆ ಎಂದು ಅಂಗಡಿಯ ಒಡತಿ ಹೇಳಿದ್ದಳಂತೆ.

"ಇಲ್ಲಿ ಅಳತೆಗೆ ಯಾರೂ ಹಳೇ ಡ್ರೆಸ್ ತಂದ್ಕೊಡಲ್ಲ ಅಕ್ಕಾ, ಟೇಪ್ ಹಿಡಿದು ಬರ್ಕೋತಾರೆ. ಆ ನಂಬರ್ ನೋಡಿ ಕಂಕುಳು ಎಲ್ಲಿ ತಿರುಗಿಸ್ಬೇಕು ಅಂತ ನಂಗೇನ್ ಗೊತ್ತು? ವಾಪಸ್ ಬಂದ್ರೆ ಎಲ್ಲಿ ಇರ್ಲಿ?"

"ಮುಜಫ್ಫರ್ ಕತ್ತರಿಸಿದ್ದು ಏನಾದ್ರೂ ನಿನ್ ಹತ್ರ ಇದೆಯಾ?"

ಪೆಟ್ಟಿಗೆಯಿಂದ ಒಂದು ಹಸಿರು ಕಮೀಜು ತೆಗೆದಳು. ಹೋದ ವರ್ಷ ರಂಜಾನಿಗೆ ಅವಳಿಗೆಂದೇ ಅವನು ಕತ್ತರಿಸಿದ್ದು. ಅದೇ ಕೊನೆಯದು. ಸವೆದುಹೋಗುತ್ತದೆಂದು ಒಂದೇ ಸಲ ತೊಟ್ಟಿದ್ದಳು.

"ಬಿಚ್ಚು. ಹೊಲಿಗೆಯೆಲ್ಲ ಬಿಚ್ಚಿ ಹಾಸಿ ನೋಡು, ಅವನ ಕೈ ಹೆಂಗೆ ತಿರುಗಿದೆ ಅಂತ ಕಾಣುತ್ತೆ."

"ಇದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಅಕ್ಕಾ," ಎಂದು ಅತ್ತಳು.

"ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?" ಎಂದು ರೇಗಿ ಫೋನಿಟ್ಟೆ. ಇಟ್ಟ ಮೇಲೆ ನಾನೂ ಅತ್ತೆ.

ಬಿಚ್ಚಿದ್ದಳು. ರಜೆಯ ದಿನವೆಲ್ಲ ಕೂತು ಒಂದೊಂದೇ ದಾರ ಕಿತ್ತು, ತುಂಡುಗಳಿಗೆ ಇಸ್ತ್ರಿ ಹಾಕಿ, ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡಳು. ತನ್ನ ಅಳತೆಗೂ ಗಿರಾಕಿಯ ಅಳತೆಗೂ ಎಷ್ಟು ಹೆಚ್ಚುಕಡಿಮೆ ಎಂದು ನೋಡಿ ಮರುದಿನ ಕತ್ತರಿ ಹಿಡಿದಳು. ಮೊದಲನೆಯದು ಕಂಕುಳಲ್ಲಿ ಬಿಗಿಯಾಗಿ ಬೈಸಿಕೊಂಡಳು. ಎರಡನೆಯದೂ ಅಷ್ಟಕ್ಕಷ್ಟೇ. ನಾಲ್ಕನೆಯದನ್ನು ಗಿರಾಕಿ ತೊಟ್ಟುಕೊಂಡೇ ಮನೆಗೆ ಹೋದಳಂತೆ. ಒಡತಿ ಮತ್ತೆ ಊರಿಗೆ ಕಳಿಸುವ ಮಾತೆತ್ತಲಿಲ್ಲ.

ಮೊನ್ನೆ ವಿಡಿಯೋ ಕಾಲಲ್ಲಿ ಕೇಳಿದೆ, "ಆ ಹಸಿರು ಕಮೀಜು ಮತ್ತೆ ಹೊಲ್ಕೊಂಡ್ಯೇನೇ?"

"ಇಲ್ಲಕ್ಕಾ. ಮೈತುಂಬ ಚಾಕ್ ಗೆರೆ ಅದಕ್ಕೆ. ಕತ್ತರಿಸುವಾಗ ದಿನಾ ಆ ತುಂಡುಗಳನ್ನ ಇಟ್ಟು ನೋಡ್ಕೋಬೇಕು. ನಂಗೆ ಅಂತ ನಾನೇ ಒಂದು ಕಟ್ ಮಾಡ್ಕೊಂಡೆ, ನೋಡಿ." ಎದ್ದು ನಿಂತು ಒಂದು ಸುತ್ತು ತಿರುಗಿದಳು.

ನಾನು ಮುಖಸ್ತುತಿ ಮಾಡುವವಳಲ್ಲ. "ಭುಜದ ಹತ್ರ ಎಳ್ದಿದೆ ಕಣೇ."

"ಗೊತ್ತು," ಎಂದಳು. "ಅವರ ಕಟ್ಟಿಂಗ್ ಅಲ್ವಲ್ಲ ಇದು."

ಹಾಗೇ ಅದನ್ನು ತೊಟ್ಟುಕೊಂಡು ಕೆಲಸಕ್ಕೆ ಹೋದಳು.